ಬೊನಾರನ ಮೇಲೆ ಯಾರಿಗಾದರೂ ತಕರಾರಿದೆಯೇ?

ನಮ್ಮ ಲುಂಬಾನ್ ಬಗೋತ್ ಊರಿನಲ್ಲಿ ಚರ್ಚಿನ ಸಭೆಗೆ ಹಿರಿಯನನ್ನು ಆರಿಸುವುದು ಅಂಥ ಕಷ್ಟದ ಕೆಲಸವೇನಲ್ಲ. ಕೂಟಕ್ಕೆ ಯಾರು ಬಂದಿಲ್ಲವೋ ಅವರ ಹೆಸರು ಹೇಳಿದರೆ ಆಯಿತು. ಬಂದವರಿಗೆ ಬಾಯಿರುತ್ತದೆ, "ನನಗೆ ಬೇಡಪ್ಪಾ, ಮಂಡಿ ನೋವು" ಎಂದುಬಿಡುತ್ತಾರೆ. ಬಾರದವನ ಮಂಡಿಯ ವಿಷಯ ಯಾರಿಗೂ ಗೊತ್ತಿರುವುದಿಲ್ಲ.

ಆ ಬುಧವಾರ ಸಂಜೆ ನಮ್ಮ ಕೇರಿಯ ಹದಿನಾಲ್ಕು ಮನೆಯವರು ಕಳ್ಳಿನಂಗಡಿಯ ನೆಲ್ಲಿಯ ಮನೆಯಲ್ಲಿ ಚಾಪೆ ಹಾಸಿಕೊಂಡು ಪ್ರಾರ್ಥನೆಗೆ ಕೂತಿದ್ದಾಗ ಬೊನಾರ್ ಕಳ್ಳು ಕೊಡುವ ತಾಳೆಮರದ, ಅಂದರೆ ನಮ್ಮ ಬಗೋತ್ ಮರದ, ತುದಿಯಲ್ಲಿದ್ದ. ಕಳ್ಳು ಇಳಿಸುವವನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹತ್ತಲೇಬೇಕು. ದೇವರ ಕೂಟವಿದೆ ಎಂದು ಮರ ಒಂದು ದಿನ ಸೋರುವುದನ್ನು ನಿಲ್ಲಿಸುವುದಿಲ್ಲ. ವಾಲ್ದೆಮಾರ್ ಹಿರಿಯರಿಗೆ ಅರವತ್ತೈದು ತುಂಬಿತ್ತು, ನಿಯಮದಂತೆ ಅವರು ಜಾಗ ಬಿಡಬೇಕಿತ್ತು. ಅವರ ಬದಲಿಗೆ ಯಾರು ಅನ್ನುವಷ್ಟರಲ್ಲಿ ಒಳಗಿನಿಂದ ಬೇಯಿಸಿದ ಗೆಣಸು, ಚಹಾ ಬಂದವು. ಚಹಾ ಆರುವುದರೊಳಗೆ ಆಯ್ಕೆ ಮುಗಿಯಿತು.

"ಬೊನಾರ್ ಕುಡಿಯಲ್ಲ" ಎಂದರು ಒಬ್ಬರು.

"ಕುಡಿಸ್ತಾನಲ್ಲ?" ಎಂದರು ಇನ್ನೊಬ್ಬರು.

"ಅದು ಪಾಪ ಅಂದ್ರೆ ನಾವೆಲ್ಲ ಆ ಪಾಪದ ಗಿರಾಕಿಗಳೇ" ಎಂದು ವಾಲ್ದೆಮಾರ್ ಹಿರಿಯರೇ ತೀರ್ಪು ಕೊಟ್ಟರು. "ದಿನಕ್ಕೆರಡು ಸಲ ನಮಗಿಂತ ನಲವತ್ತಡಿ ದೇವರ ಹತ್ರ ಹೋಗಿಬರ್ತಾನೆ. ಇನ್ನೇನು ಬೇಕು?"

ಎಲ್ಲರೂ ಕೈ ಎತ್ತಿದರು. ಇದನ್ನು ಬರೆಯುತ್ತಿರುವವನ ಕೈಯೂ ಅದರಲ್ಲಿತ್ತು. ಇನ್ನೊಂದು ಕೈಯಲ್ಲಿ ಗೆಣಸಿತ್ತು.

ಸುದ್ದಿ ಮುಟ್ಟಿಸಿದ್ದು ಬೊನಾರನ ಹೆಂಡತಿ ಲಾಮ್ತಿಯೂರ್. ಮನೆಗೂ ಹೋಗದೆ ನೇರ ಮರದ ಬುಡಕ್ಕೆ ಬಂದು ಕತ್ತೆತ್ತಿ, ನಮ್ಮಲ್ಲಿಯ ರೂಢಿಯಂತೆ ಮಗಳ ಹೆಸರು ಹಿಡಿದು ಕೂಗಿದಳು.

"ಏ ತಿಯೊಲಿನಾ ಅಪ್ಪಾ! ನಿನ್ನನ್ನ ಹಿರಿಯನ್ನ ಮಾಡಿದ್ರು!"

"ಯಾರನ್ನ?"

"ನಿನ್ನನ್ನೇ!"

"ತಮಾಷೆ ಮಾಡೋದಾದ್ರೆ ನಾನು ಕೆಳಗಿಳಿದ್ಮೇಲೆ ಮಾಡೇ. ಬಿದ್ದುಗಿದ್ದೇನು!"

ತಮಾಷೆಯಲ್ಲ ಎಂದು ಗೊತ್ತಾದ ಮೇಲೆ ಅವನು ನಿಜವಾಗಿಯೂ ಬೀಳುವುದರಲ್ಲಿದ್ದ. ಬೊನಾರನಿಗೆ ಐವತ್ತಮೂರು ವರ್ಷ. ಬಿದಿರಿನ ಒಂಟಿ ಏಣಿಯಲ್ಲಿ ಕಣ್ಣು ಮುಚ್ಚಿ ಹತ್ತಬಲ್ಲ. ಆದರೆ ನಾಲ್ಕು ಜನರ ಮುಂದೆ ಬಾಯಿ ತೆರೆ ಎಂದರೆ ಅವನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡುಬಿಡುತ್ತಿತ್ತು. ಮಗಳು ತಿಯೊಲಿನಾಳ ಮದುವೆಯಲ್ಲಿ ಬೀಗರನ್ನು ಸ್ವಾಗತಿಸಿ ಮೂರು ಮಾತು ಹೇಳಬೇಕಿತ್ತು. ಒಂದು ತಿಂಗಳು ಬಾಯಿಪಾಠ ಮಾಡಿದ್ದ. ಆ ದಿನ ಇನ್ನೂರು ಜನರ ಮುಂದೆ ಎದ್ದು ನಿಂತವನು ಮೊದಲೆರಡು ಮಾತು ನುಂಗಿ, ನೇರ ಮೂರನೆಯದಕ್ಕೆ ಹಾರಿ, "ಎಲ್ಲರೂ ಕ್ಷೇಮವಾಗಿ ಮನೆ ಸೇರಿಕೊಳ್ಳಿ" ಎಂದುಬಿಟ್ಟ. ಆಗಿನ್ನೂ ಊಟವೇ ಬಡಿಸಿರಲಿಲ್ಲ. ಬೀಗರಲ್ಲಿ ಮರ್ಯಾದಸ್ಥರಾದ ಹತ್ತಾರು ಮಂದಿ ಎದ್ದು ಚಪ್ಪಲಿಯನ್ನೂ ಹುಡುಕತೊಡಗಿದ್ದರು. ಅವರನ್ನು ಮತ್ತೆ ಕೂರಿಸಲು ಬೀಗರಿಗೆ ಮೀಸಲಾದ ಹಂದಿಯ ತಲೆಯ ಪಾಲನ್ನು ಮೊದಲೇ ಹೊರಗೆ ತಂದು ತೋರಿಸಬೇಕಾಯಿತು.

ಹಿರಿಯನೆಂದರೆ ಬರೀ ಭಾನುವಾರ ಮುಂದಿನ ಬೆಂಚಿನಲ್ಲಿ ಕೂರುವುದಲ್ಲ. ವಾರಕ್ಕೊಮ್ಮೆ ಕೇರಿಯ ಪ್ರಾರ್ಥನೆ ನಡೆಸಬೇಕು, ಕಾಯಿಲೆಯವರ ಮನೆಗೆ ಹೋಗಿ ದೇವರ ಹತ್ತಿರ ಬಾಯಿಬಿಟ್ಟು ಬೇಡಬೇಕು, ಸತ್ತವರ ಮನೆಯಲ್ಲಿ ಬದುಕಿದವರಿಗೆ ಏನಾದರೂ ಹೇಳಬೇಕು. ಎಲ್ಲ ಕಡೆಯೂ ಬಾಯಿ.

"ದೇವರಿಗೆ ವಿಳಾಸ ತಪ್ಪಿದೆ" ಎಂದ ಬೊನಾರ್ ಹೆಂಡತಿಗೆ. "ಪಕ್ಕದ ಮನೆಗೆ ಬರಬೇಕಾದ ಕಾಗದ ನಮ್ಮನೆಗೆ ಬಂದಿದೆ."

"ಪಕ್ಕದ ಮನೇಲಿ ಇರೋದು ನೆಲ್ಲಿ. ಅವಳಿಗೆ ಬರೋ ಕಾಗದ ಎಲ್ಲ ಮದ್ಯದ ಪರವಾನಗಿಯವರದ್ದು" ಎಂದಳು ಲಾಮ್ತಿಯೂರ್. "ಮೂವತ್ತು ವರ್ಷದಿಂದ ನನ್ನ ಹತ್ರ ವಾದ ಮಾಡ್ತಿದೀಯ. ಅದರಲ್ಲಿ ಕಾಲು ಭಾಗ ದೇವರ ಹತ್ರ ಮಾಡು, ಸಾಕು."

ಎರಡು ದಿನ ಬಿಟ್ಟು ಸಭಾಪಾಲಕಿ ದುಮಾ ಮೋಟರ್ ಸೈಕಲ್ಲಿನಲ್ಲಿ ಬಂದರು. ನಮ್ಮ ಸಭೆಗೆ ಬಂದು ಒಂದು ವರ್ಷವಾಗಿತ್ತು, ಮೂವತ್ತೆರಡರ ಹೆಣ್ಣುಮಗಳು, ಗಟ್ಟಿ ಗಂಟಲು. ಗಾಡಿಯ ಸದ್ದು ಕೇಳಿದ್ದೇ ತಡ, ಬೊನಾರ್ ಆ ಹೊತ್ತಲ್ಲದ ಹೊತ್ತಿನಲ್ಲಿ ಮರ ಹತ್ತಿ, ಹೂಗೊನೆಯ ಕಾಂಡಕ್ಕೆ ಮರದ ಕೊಡತಿಯಿಂದ ಟೊಕ್ ಟೊಕ್ ಎಂದು ಬಡಿಯತೊಡಗಿದ. ಹಾಗೆ ವಾರಗಟ್ಟಲೆ ಬಡಿದು ಹದ ಮಾಡಿದರೇ ಕಳ್ಳು ಇಳಿಯುವುದು. ಆದರೆ ಬಡಿಯುವುದಕ್ಕೂ ಒಂದು ಲೆಕ್ಕವಿದೆ, ಮೀರಿದರೆ ಕಾಂಡ ಕೆಡುತ್ತದೆ. ದುಮಾ ಅಮ್ಮ ಕೆಳಗೆ ಕಲ್ಲಿನ ಮೇಲೆ ಕೂತು ಕಾಯುತ್ತಲೇ ಇದ್ದರು, ಬೊನಾರ್ ಬಡಿಯುತ್ತಲೇ ಇದ್ದ. ಕೊನೆಗೆ ಕಾಂಡದ ಮೇಲೆ ಕರುಣೆ ಬಂದು ನಿಲ್ಲಿಸಿದ.

"ಇಳೀತೀರಾ, ನಾನೇ ಹತ್ತಲಾ?" ಎಂದರು ದುಮಾ ಅಮ್ಮ.

"ಅಲ್ಲೇ ಇರಿ ಅಮ್ಮಾ, ಏಣಿ ಒಬ್ಬರನ್ನೇ ತಡೆಯೋದು. ನನಗೆ ಮಾತಾಡೋಕೆ ಬರಲ್ಲ."

"ಈಗ ಮಾತಾಡ್ತಾ ಇದ್ದೀರಲ್ಲ."

"ಇದು ಮರದ ಮೇಲಿಂದ. ಆಮೇಲೆ ನಾನು ಕಳ್ಳು ಮಾರೋನು."

"ನಮ್ಮ ಹಿರಿಯರ ಮಂಡಳಿ ಹನ್ನೆರಡು ಜನ. ಅದ್ರಲ್ಲಿ ಒಂಬತ್ತು ಜನರ ಮನೆಗೆ ನಿಮ್ಮ ಕಳ್ಳು ಹೋಗುತ್ತೆ. ಮಾರೋನನ್ನೂ ಒಳಗೆ ಸೇರಿಸ್ಕೊಂಡ್ರೆ ತಪ್ಪೇನು?"

"ನನಗೆ ಹಾಡು ಬರಲ್ಲ. ಮೊದಲನೇ ಚರಣ ಆದ್ಮೇಲೆ ಬರೀ ತುಟಿ ಅಲ್ಲಾಡಿಸ್ತೀನಿ."

"ನಾನೂ ಮೂರನೇ ಚರಣದಿಂದ ಹಾಗೇ" ಎಂದರು ದುಮಾ ಅಮ್ಮ. ಆಮೇಲೆ ಸ್ವಲ್ಪ ಮೆತ್ತಗಾದರು. "ತಿಯೊಲಿನಾ ಅಪ್ಪಾ, ಬೆಳಿಗ್ಗೆ ಏಣಿಗೆ ಕಾಲಿಡೋವಾಗ ಇವತ್ತು ಎಷ್ಟು ಇಳಿಯುತ್ತೆ ಅಂತ ನಿಮಗೆ ಗೊತ್ತಿರುತ್ತಾ?"

"ಇಲ್ಲ."

"ಆದ್ರೂ ಹತ್ತುತ್ತೀರಿ."

ಬೊನಾರ್ ಯೋಚಿಸಿದ. ಮಾತು ಸರಿಯಾಗಿಯೇ ಇತ್ತು, ಅದೇ ತೊಂದರೆ. "ಇಲ್ಲಿಂದ ಬಿದ್ರೆ ನಾನೊಬ್ನೇ ನೋಡೋದು ಅಮ್ಮಾ" ಎಂದ. "ಅಲ್ಲಿ ಬಿದ್ರೆ ಇಡೀ ಸಭೆ ನೋಡುತ್ತೆ."

ದುಮಾ ಅಮ್ಮ ನಗಲಿಲ್ಲ. ಎದ್ದು ಬಟ್ಟೆ ಕೊಡವಿ, "ಬಲವಂತ ಮಾಡಲ್ಲ. ಬೇಡ ಅನ್ನೋ ಹಕ್ಕು ನಿಮಗಿದೆ. ದೇವರಿಗೇ ನೇರ ಹೇಳಿ" ಎಂದು ಗಾಡಿ ಹತ್ತಿದರು. ಬೊನಾರ್ ಗೆದ್ದೆ ಅಂದುಕೊಂಡ. ಆದರೆ ಅವರ ಗಾಡಿ ತಿರುಗಿದ್ದು ಚರ್ಚಿನ ಕಡೆಗಲ್ಲ, ಲಾಮ್ತಿಯೂರಳ ತವರಿನ ದಾರಿಗೆ ಎಂಬುದನ್ನು ಅಷ್ಟು ಎತ್ತರದಲ್ಲಿದ್ದೂ ಅವನು ನೋಡಲಿಲ್ಲ.

ಶನಿವಾರ ಮಧ್ಯಾಹ್ನ ಲಾಮ್ತಿಯೂರಳ ಅಣ್ಣ ಮಾರಿಹೋತ್ ಬಂದ. ಜೊತೆಗೆ ಅವನ ಹೆಂಡತಿ. ಅವಳ ತಲೆಯ ಮೇಲೆ ಬುಟ್ಟಿ. ಬುಟ್ಟಿಯಲ್ಲಿ ಅಕ್ಕಿ, ಅದರ ಮೇಲೆ ದೊಡ್ಡ ತಟ್ಟೆಯಲ್ಲಿ ಅರಿಸಿನ ಬಣ್ಣದ ಗೆಂಡೆಮೀನು, ತಲೆಯಿಂದ ಬಾಲದವರೆಗೆ ಇಡಿಯಾಗಿ ಬೇಯಿಸಿದ್ದು. ನಾಲಿಗೆ ಜುಮ್ಮೆನ್ನಿಸುವ ಕಾಡುಮೆಣಸಿನ ವಾಸನೆ ಗೇಟಿನಿಂದಲೇ ಮೂಗಿಗೆ ಬಡಿಯಿತು.

ನಮ್ಮಲ್ಲಿ ಹೆಂಡತಿಯ ತವರಿನವರು ಸುಮ್ಮನೆ ಮೀನು ತರುವುದಿಲ್ಲ. ಮೀನಿನ ಜೊತೆಗೊಂದು ಹರಸುವ ಮಾತು ಬರುತ್ತದೆ. ಅವರ ಹೆಣ್ಣನ್ನು ಮದುವೆಯಾದವನು ಮಾತನ್ನು ಕೇಳಬೇಕು, ಆಮೇಲೆ ಮೀನನ್ನು ತಿನ್ನಬೇಕು. ತಿಂದರೆ ಮಾತನ್ನು ಒಪ್ಪಿದಂತೆ. ತಿಂದ ಮೇಲೆ ಒಲ್ಲೆ ಎನ್ನುವುದಕ್ಕಿಂತ ಹೆಂಡತಿಯ ತವರಿಗೆ ಬೆಂಕಿ ಇಡುವುದು ಸಣ್ಣ ಅವಮಾನ. ಇದು ಬೊನಾರನಿಗೆ ಗೊತ್ತಿಲ್ಲದ್ದೇನಲ್ಲ, ತೊಟ್ಟಿಲಿನಿಂದ ಗೊತ್ತಿದ್ದದ್ದು. ಆದರೆ ಬೆಳಗಿನಿಂದ ಮೂರು ಮರ ಹತ್ತಿ ಇಳಿದಿದ್ದ, ಹೊಟ್ಟೆಯಲ್ಲಿ ಒಂದು ಲೋಟ ಕಾಫಿ ಬಿಟ್ಟರೆ ಬೇರೇನಿರಲಿಲ್ಲ. ಮಗಳು ತಿಯೊಲಿನಾ ಏಳು ತಿಂಗಳ ಬಸುರಿ. ಬಸುರಿಗೆ ಮೀನು ತಂದು ಹರಸುವುದು ಇದ್ದದ್ದೇ. ಪಾಪ, ಸೋದರಮಾವ ಅದಕ್ಕೇ ಬಂದಿದ್ದಾನೆ ಎಂದು ಅವನೇ ತೀರ್ಮಾನಿಸಿಬಿಟ್ಟ.

ಮಾರಿಹೋತ್ ನಮ್ಮ ದ್ವೀಪದಲ್ಲೇ ಹೆಸರಾದ ಮಾತುಗಾರ. ಮದುವೆಗಳಲ್ಲಿ ಅವನು ಮಾತು ಶುರುಮಾಡಿದರೆ ಮದುಮಕ್ಕಳು ಕೂತಲ್ಲೇ ಒಂದು ನಿದ್ದೆ ತೆಗೆಯುತ್ತಾರೆ. ಚಾಪೆಯ ಮೇಲೆ ಕೂತು ಮೀನಿನ ತಟ್ಟೆಯನ್ನು ಬೊನಾರನ ಕಡೆಗೆ ತಿರುಗಿಸಿ, ಅಜ್ಜ ಮುತ್ತಜ್ಜರಿಂದ ಹಿಡಿದು ಮಾತು ಆರಂಭಿಸಿದ. ಬೊನಾರ್ ಮೀನಿನ ಕಣ್ಣನ್ನೇ ನೋಡುತ್ತಾ ಹೂಂಗುಟ್ಟಿದ. ಹೊತ್ತು ಹೋಯಿತು. "ಹೊಸ ಭಾರ" ಎಂಬ ಮಾತು ಬಂತು. ಬಸುರಿಯಲ್ಲವೇ, ಭಾರ ಇದ್ದೇ ಇರುತ್ತದೆ ಎಂದು ಹೂಂ ಅಂದ. "ದೇವರು ಕೊಟ್ಟದ್ದನ್ನು ಹೊರುವ ಶಕ್ತಿ" ಎಂಬ ಮಾತು ಬಂತು, ಅದಕ್ಕೂ ಹೂಂ. ಮಾತು ಮುಗಿದ ಕೂಡಲೇ ಮೀನಿನ ತಲೆಗೇ ಕೈ ಹಾಕಿದ. ಎದುರು ಕೂತ ಲಾಮ್ತಿಯೂರ್ ಗಂಡನನ್ನೇ ನೋಡುತ್ತಿದ್ದಳು, ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಅವಳು ಅಳುತ್ತಿದ್ದಾಳೆ, ಮಗಳ ನೆನಪು ಬಂದಿರಬೇಕು ಎಂದುಕೊಂಡ ಬೊನಾರ್, ಇನ್ನೊಂದು ತುಂಡು ಮುರಿದ.

ಬಾಲದವರೆಗೂ ತಿಂದು ಬೆರಳು ನೆಕ್ಕಿ, "ಭಾವಾ, ಮಗಳಿಗೆ ಒಂದು ತುಂಡು ಎತ್ತಿಡಬೇಕಿತ್ತಲ್ಲ, ಮರೆತೇಹೋಯ್ತು" ಎಂದ.

"ಮಗಳಿಗೆ ಯಾಕೆ? ಅವಳಿಗೆ ಮುಂದಿನ ತಿಂಗಳು ಬೇರೆ ತರ್ತೀನಿ" ಎಂದ ಮಾರಿಹೋತ್. ಕೈ ತೊಳೆದು ಎದ್ದ. "ಸರಿ, ಹಂಗಾದ್ರೆ ಪಾಲಕರಿಗೆ ಹೇಳಿಬಿಡ್ತೀನಿ."

"ಏನಂತ?"

"ನೀನು ಹಿರಿಯನಾಗೋಕೆ ಒಪ್ಪಿದೆ ಅಂತ."

"ನಾನು ಯಾವಾಗ ಒಪ್ಪಿದೆ?"

ಮಾರಿಹೋತ್ ಮಾತುಗಾರನಾದರೂ ಈಗ ಮಾತಾಡಲಿಲ್ಲ. ತಟ್ಟೆಯಲ್ಲಿದ್ದ ಮುಳ್ಳನ್ನು ತೋರಿಸಿದ.

ಬೈಬಲಿನ ಕಾಲದಲ್ಲಿ ಒಬ್ಬ ಪ್ರವಾದಿ ದೇವರ ಕರೆಗೆ ಬೆನ್ನು ತಿರುಗಿಸಿ ಹಡಗು ಹತ್ತಿ ಓಡಿದ್ದಕ್ಕೆ ಮೀನು ಅವನನ್ನು ನುಂಗಿತಂತೆ. ನಮ್ಮ ಬೊನಾರ್ ಮೀನನ್ನೇ ನುಂಗಿ ಸಿಕ್ಕಿಬಿದ್ದ. ಆ ಪ್ರವಾದಿಗಾದರೂ ಮೂರು ದಿನದ ಮೇಲೆ ಬಿಡುಗಡೆಯಾಯಿತು.

ಮರುದಿನ ಭಾನುವಾರ ಆರಾಧನೆಯಲ್ಲಿ ಪ್ರಕಟಣೆಗಳನ್ನು ಓದುವಾಗ ದುಮಾ ಅಮ್ಮ, "ಬೊನಾರ್ ಸಿಂಬೊಲೊನ್ ಅವರನ್ನು ಹಿರಿಯರ ಸೇವೆಗೆ ಆರಿಸಲಾಗಿದೆ. ಅವರ ನಡತೆಯ ಬಗ್ಗೆ ಯಾರಿಗಾದರೂ ತಕರಾರಿದ್ದರೆ ಮುಂದಿನ ಭಾನುವಾರ ಎರಡನೆಯ ಸಲ ಓದುವುದರೊಳಗೆ ತಿಳಿಸಬೇಕು" ಎಂದರು. ಇಡೀ ಸಭೆ ತಿರುಗಿ ಬೊನಾರನನ್ನು ನೋಡಿತು. ಬೊನಾರ್ ಬೆಂಚಿನ ಕೆಳಗೆ ಏನನ್ನೋ ಬೀಳಿಸಿಕೊಂಡವನಂತೆ ಬಗ್ಗಿದ. ಬಗ್ಗಿದ್ದಾಗಲೇ ಅವನಿಗೆ ಹೊಳೆದದ್ದು. ತಾನು ಬೇಡ ಎನ್ನುವಂತಿಲ್ಲ, ಮೀನು ತಿಂದಾಗಿದೆ. ಆದರೆ ಬೇರೆ ಯಾರಾದರೂ ಬೇಡ ಎಂದರೆ? ಹೆಂಡತಿಯ ತವರಿಗೂ ಅವಮಾನವಿಲ್ಲ, ದೇವರಿಗೂ ಮುಖ ಉಳಿಯುತ್ತದೆ. ಬೇಕಾದದ್ದು ಒಂದೇ ಒಂದು ತಕರಾರು. ಐವತ್ತಮೂರು ವರ್ಷ ಬದುಕಿದವನಿಗೆ ಒಬ್ಬ ವೈರಿಯಾದರೂ ಸಿಗುವುದಿಲ್ಲವೇ?

ಸೋಮವಾರ ಬೆಳಿಗ್ಗೆ ಮರ ಇಳಿದವನೇ ನೆಲ್ಲಿಯ ಕಳ್ಳಿನಂಗಡಿಗೆ ಹೋದ. ಅವನ ಕಳ್ಳೆಲ್ಲ ಅವಳಿಗೇ ಹೋಗುತ್ತಿತ್ತು.

"ನೆಲ್ಲೀ, ನಿನ್ನ ಹತ್ರ ಒಂದು ವಿಷಯ ಒಪ್ಪಿಕೊಳ್ಳಬೇಕು. ಹೋದ ಮಳೆಗಾಲದಲ್ಲಿ ಕಳ್ಳು ತುಂಬೋ ಬಿದಿರು ಕೊಳವೆಗೆ ನೀರು ಬಿದ್ದಿತ್ತು. ಚೆಲ್ಲಲಿಲ್ಲ. ಹಂಗೇ ತಂದುಕೊಟ್ಟೆ."

"ಗೊತ್ತು."

"ಗೊತ್ತಿದ್ದೂ ಸುಮ್ನಿದ್ಯಾ? ಮೋಸ ಅಲ್ವಾ ಇದು? ಪಾಲಕರಿಗೆ ಹೇಳು!"

"ಹೆಂಗೆ ಹೇಳಲಿ?" ಎಂದಳು ನೆಲ್ಲಿ ಲೋಟ ಒರೆಸುತ್ತಾ. "ನೀನು ಕೊಟ್ಟದ್ದಕ್ಕೆ ನಾನೂ ಎರಡು ಚೊಂಬು ಸೇರಿಸ್ತಿದ್ದೆ. ಕುಡಿದೋರು 'ಇತ್ತೀಚೆಗೆ ಬೊನಾರನ ಕಳ್ಳು ಆರೋಗ್ಯಕ್ಕೆ ಒಳ್ಳೇದು' ಅಂತಿದ್ರು."

ನೆಲ್ಲಿ ಲೋಟ ಕುಕ್ಕಿ, "ನೀನು ಬಂದು ಹೇಳಿದ್ಮೇಲೆ ನಾನು ಇನ್ನು ಹಾಕೋಕಾಗುತ್ತಾ? ಹಾಳು ಮಾಡಿಬಿಟ್ಟೆ ನನ್ನ ವ್ಯಾಪಾರಾನ" ಎಂದು ಬೈದು ಕಳಿಸಿದಳು.

ವಾಲ್ದೆಮಾರ್ ಹಿರಿಯರ ಮನೆಯಲ್ಲೂ ಅದೇ ಕಥೆಯಾಯಿತು. "ಅಪ್ಪಾ, ಮೂವತ್ತು ವರ್ಷ ನೀವು ಪ್ರಾರ್ಥನೆ ಮಾಡೋವಾಗೆಲ್ಲ ನಾನು ನಿದ್ದೆ ಮಾಡ್ತಿದ್ದೆ" ಎಂದು ತಲೆತಗ್ಗಿಸಿ ನಿಂತ.

"ಮಗಾ, ನಾನು ನಿಲ್ಲಿಸ್ತಿದ್ದದ್ದೇ ನಿನ್ನ ಗೊರಕೆ ಕೇಳಿ" ಎಂದರು ಮುದುಕರು. "ಬೊನಾರ್ ಗೊರಕೆ ಹೊಡೆದ, ದೇವರಿಗೂ ಸಾಕಾಗಿರುತ್ತೆ ಅಂತ. ನೀನು ಇಲ್ಲದ ದಿನ ನನಗೆ ಮುಗಿಸೋದೇ ಗೊತ್ತಾಗ್ತಿರಲಿಲ್ಲ."

ಹೀಗೆ ಒಂದು ದಿನದಲ್ಲಿ ಏಳು ಮನೆ ತಿರುಗಿದ. ಒಬ್ಬರ ನಾಯಿಗೆ ಕಲ್ಲು ಹೊಡೆದದ್ದು, ಒಬ್ಬರ ಹಲಸಿನಹಣ್ಣು ಕಿತ್ತದ್ದು, ಇನ್ನೊಬ್ಬರ ಮದುವೆಗೆ ಜ್ವರವೆಂದು ಸುಳ್ಳು ಹೇಳಿ ತಪ್ಪಿಸಿಕೊಂಡದ್ದು, ಎಲ್ಲವನ್ನೂ ಹೊರಗೆ ತೆಗೆದ. ಯಾರೂ ತಕರಾರು ಮಾಡಲಿಲ್ಲ. ಬದಲಿಗೆ ತಮ್ಮ ತಮ್ಮ ಗಂಟುಗಳನ್ನೂ ಬಿಚ್ಚತೊಡಗಿದರು. ಸಂಜೆಯ ಹೊತ್ತಿಗೆ ಊರಿನ ಅರ್ಧ ಪಾಪ ಬೊನಾರನ ಹೊಟ್ಟೆಯಲ್ಲಿತ್ತು, ತನ್ನದು ಮಾತ್ರ ಎಲ್ಲೂ ಖರ್ಚಾಗಿರಲಿಲ್ಲ.

ಉಳಿದಿದ್ದವನು ಸಹಾತ್ ಒಬ್ಬನೇ. ಅವನನ್ನು ಬೊನಾರ್ ಕೊನೆಗಿಟ್ಟುಕೊಂಡಿದ್ದ. ಸಹಾತ್ ನಿಜವಾದ ವೈರಿ, ಕೈಕೊಡದ ವೈರಿ. ಹನ್ನೊಂದು ವರ್ಷದ ಹಿಂದೆ ಇಬ್ಬರ ಜಮೀನಿನ ಬದುವಿನ ಮೇಲೆ ಒಂದು ಬಗೋತ್ ಮರ ಕಳ್ಳಿಗೆ ಬಂದಿತ್ತು. ಯಾರೂ ನೆಟ್ಟದ್ದಲ್ಲ, ಯಾವುದೋ ಪುನುಗು ಬೆಕ್ಕು ಹಣ್ಣು ತಿಂದು ಅಲ್ಲಿ ಬೀಜ ಬಿಟ್ಟು ಹೋಗಿದ್ದರಿಂದ ಹುಟ್ಟಿದ್ದು. ಬೊನಾರ್ ಕೇಳದೆ ಅದಕ್ಕೆ ಏಣಿ ಕಟ್ಟಿದ. ಸಹಾತ್ ಹೇಳದೆ ಅದನ್ನು ಕಡಿದ. ಅಂದಿನಿಂದ ಇಬ್ಬರೂ ಮಾತಾಡಿರಲಿಲ್ಲ. ಚರ್ಚಿನಲ್ಲಿ ಒಬ್ಬ ಎಡಗಡೆ ಕೂತರೆ ಇನ್ನೊಬ್ಬ ಬಲಗಡೆ.

ಮಂಗಳವಾರ ಮಧ್ಯಾಹ್ನ ಬೊನಾರ್ ಹೋದಾಗ ಸಹಾತ್ ಅಂಗಳದಲ್ಲಿ ಕೆಂಪು ಈರುಳ್ಳಿ ಹರವುತ್ತಿದ್ದ.

"ಏನು, ದಾರಿ ತಪ್ತಾ?" ಎಂದ ತಲೆ ಎತ್ತದೆ.

"ಇಲ್ಲ. ನಿನ್ನಿಂದ ಒಂದು ಉಪಕಾರ ಆಗಬೇಕು. ಭಾನುವಾರ ನನ್ನ ಹೆಸರು ಓದಿದಾಗ ಎದ್ದು ನಿಂತು ತಕರಾರು ಮಾಡಬೇಕು."

ಸಹಾತ್ ಈರುಳ್ಳಿ ಬಿಟ್ಟು ನೆಟ್ಟಗಾದ. "ಅಂದ್ರೆ, ಇಡೀ ಸಭೆ ಮುಂದೆ ಬೊನಾರ್ ಲಾಯಕ್ಕಿಲ್ಲ ಅಂತ ನಾನು ಹೇಳ್ಬೇಕು?"

"ಹೌದು."

"ಗಟ್ಟಿಯಾಗಿ?"

"ಹಿಂದಿನ ಬೆಂಚಿಗೂ ಕೇಳೋ ಹಾಗೆ."

"ಅದ್ರಿಂದ ನಿನಗೆ ಸಂತೋಷ ಆಗುತ್ತಾ?"

"ಬಹಳ."

"ಹಂಗಾದ್ರೆ ಹೇಳಲ್ಲ" ಎಂದ ಸಹಾತ್. "ಹನ್ನೊಂದು ವರ್ಷದಲ್ಲಿ ನಿನಗೆ ಸಂತೋಷ ಆಗೋ ಕೆಲಸ ಒಂದನ್ನೂ ಮಾಡಿಲ್ಲ. ಈಗ ಯಾಕೆ ಶುರು ಮಾಡ್ಲಿ?"

ಒಳಗಿನಿಂದ ಸಣ್ಣ ದನಿ ಬಂತು. "ಯಾರೋ ಅದು?" ಸಹಾತನ ತಾಯಿ. ಎಂಬತ್ತೆಂಟರ ಮುದುಕಿ, ಸೊಂಟ ಮುರಿದುಕೊಂಡು ಮಲಗಿ ಎರಡು ವರ್ಷವಾಗಿತ್ತು. ಚಿಕ್ಕವನಿದ್ದಾಗ ಬೊನಾರ್ ಈ ಮನೆಯಲ್ಲಿ ಎಷ್ಟೋ ಸಲ ಉಂಡಿದ್ದ. ಈಗ ಊರಿಗೆಲ್ಲ ಅವಳು ಅಜ್ಜಿ.

ಸಹಾತನ ಮುಖದಲ್ಲಿ ಹನ್ನೊಂದು ವರ್ಷದಲ್ಲೇ ಅತ್ಯಂತ ಸೊಗಸಾದ ನಗು ಮೂಡಿತು. "ಹೊಸ ಹಿರಿಯ ಬಂದಿದಾನಮ್ಮಾ! ನಿನಗೋಸ್ಕರ ಪ್ರಾರ್ಥನೆ ಮಾಡೋಕೆ!"

"ಓ, ಒಳಗೆ ಕಳಿಸು, ಕಳಿಸು."

ಬೊನಾರ್ ಹಿಂದೆ ನೋಡಿದ. ದಾರಿಯಿತ್ತು. ಆದರೆ ಒಳಗೆ ಅಜ್ಜಿ ಆಗಲೇ ಎರಡು ಕೈ ಜೋಡಿಸಿ ಕಣ್ಣು ಮುಚ್ಚಿಕೊಂಡಿದ್ದಳು. ಕಣ್ಣು ಮುಚ್ಚಿದ ಮುದುಕಿಯಿಂದ ಓಡಿಹೋಗುವಷ್ಟು ಧೈರ್ಯ ಬೊನಾರನಿಗಿರಲಿಲ್ಲ. ಮಂಚದ ಪಕ್ಕ ನಿಂತ. ಮಂಚದ ಕೆಳಗೆ ಕಾವು ಕೂತ ಕೋಳಿಯೊಂದು ಇವನನ್ನೇ ನೋಡುತ್ತಿತ್ತು. ಬಾಗಿಲಲ್ಲಿ ಸಹಾತ್ ಎದೆಯ ಮೇಲೆ ಕೈಕಟ್ಟಿ ನಿಂತಿದ್ದ, ತಮಾಷೆ ನೋಡಲು. ಗೋಡೆಯ ಗಡಿಯಾರ ಎಷ್ಟು ಸಲ ಟಿಕ್ ಅಂದಿತೋ. ಅಜ್ಜಿ ಕಣ್ಣು ತೆರೆಯಲಿಲ್ಲ, ಅವಸರವನ್ನೂ ಮಾಡಲಿಲ್ಲ.

"ಸ್ವಾಮೀ" ಎಂದ ಬೊನಾರ್ ಕೊನೆಗೆ. ಮತ್ತೆ ನಿಂತ. "ಅಜ್ಜಿ ಸೊಂಟ ನೋವು ನಿನಗೆ ಗೊತ್ತು. ನಾನು ಹನ್ನೊಂದು ವರ್ಷ ಈ ಮನೆಗೆ ಬರ್ಲಿಲ್ಲ, ಅದೂ ಗೊತ್ತು. ನೋವು ಕಮ್ಮಿ ಮಾಡು. ಇಷ್ಟು ದಿನ ಬರದೇ ಇದ್ದದ್ದು ನಂದೇ ತಪ್ಪು. ಆಮೆನ್."

ಅಜ್ಜಿ ಒಂದು ಕಣ್ಣು ತೆರೆದಳು. "ಮುಗೀತಾ?"

"ಮುಗೀತು ಅಜ್ಜೀ. ಅಷ್ಟೇ ಬರೋದು."

"ಒಳ್ಳೇದಾಯ್ತು. ವಾಲ್ದೆಮಾರ್ ಶುರು ಮಾಡಿದ್ರೆ ನನಗೆ ಮಧ್ಯದಲ್ಲಿ ಒಂದಕ್ಕೆ ಬಂದುಬಿಡ್ತಿತ್ತು. ಹೇಳೋಕೂ ಆಗ್ತಿರಲಿಲ್ಲ, ಕಟ್ಟಿಕೊಳ್ಳೋಕೂ ಆಗ್ತಿರಲಿಲ್ಲ." ಅವಳು ಬೊನಾರನ ಕೈ ಹಿಡಿದುಕೊಂಡಳು. "ಗುರುವಾರ ಬಾ. ಬರ್ತೀಯ ತಾನೆ?"

"ಬರ್ತೀನಿ ಅಜ್ಜೀ."

ಹೊರಗೆ ಬಂದಾಗ ಸಹಾತ್ ಬಾಗಿಲಲ್ಲಿರಲಿಲ್ಲ. ಅಂಗಳದ ಮೂಲೆಗೆ ಹೋಗಿ, ಆಗಲೇ ಹರವಿದ್ದ ಈರುಳ್ಳಿಯನ್ನು ಮತ್ತೆ ಹರವುತ್ತಿದ್ದ. ಬೊನಾರನ ಕಡೆ ತಿರುಗಲಿಲ್ಲ.

ಗುರುವಾರ ಬೊನಾರ್ ಹೊರಟದ್ದು ನಿಜ. ಒಗೆದ ಅಂಗಿ ಹಾಕಿಕೊಂಡೇ ಹೊರಟ. ಬದುವಿನ ತನಕ ಹೋದವನಿಗೆ ಬುದ್ಧಿ ಬಂತು. ಮಂಗಳವಾರ ಹೇಗೋ ನಾಲ್ಕು ಮಾತು ಬಂತು, ಆ ನಾಲ್ಕೂ ಖರ್ಚಾಗಿವೆ. ಇವತ್ತು ಏನು ಹೇಳುವುದು? ಅದನ್ನೇ ಹೇಳಿದರೆ ಸಹಾತ್ ನಗುತ್ತಾನೆ. ಅಲ್ಲದೆ ಹೀಗೆ ಹೋಗಿಬರುತ್ತಿದ್ದರೆ ಹಿರಿಯನಾದಂತೆಯೇ ಅಲ್ಲವೇ? ಕಡಿದ ಮರದ ಬೊಡ್ಡೆಯ ಮೇಲೆ ಅರ್ಧ ಗಂಟೆ ಕೂತ. ಆಮೇಲೆ ಎದ್ದು ಮನೆಗೆ ಬಂದ. ಹೆಂಡತಿಗೆ, "ಹೋಗಿದ್ದೆ" ಎಂದ. ಎಲ್ಲಿಯವರೆಗೆ ಎಂದು ಅವಳು ಕೇಳಲಿಲ್ಲ, ಇವನು ಹೇಳಲಿಲ್ಲ.

ಭಾನುವಾರ ಚರ್ಚು ತುಂಬಿತ್ತು. ಬೊನಾರ್ ತಕರಾರಿಗಾಗಿ ಮನೆಮನೆ ತಿರುಗಿದ ಸುದ್ದಿ ಊರೆಲ್ಲ ಹಬ್ಬಿ, ಕ್ರಿಸ್ಮಸ್ಸಿಗೆ ಮಾತ್ರ ಬರುವವರೂ ಬಂದಿದ್ದರು. ಮಾರಿಹೋತ್ ತನ್ನೂರಿನ ಚರ್ಚು ಬಿಟ್ಟು ಇಲ್ಲಿ ಬಂದು ಕೂತಿದ್ದ, ಮೀನಿನ ಮಾಲೀಕನ ಗತ್ತಿನಲ್ಲಿ. ದುಮಾ ಅಮ್ಮ ಹೆಸರು ಓದಿ, ಕನ್ನಡಕದ ಮೇಲಿಂದ ನೋಡಿ, "ಯಾರಿಗಾದರೂ ತಕರಾರಿದೆಯೇ?" ಎಂದರು.

ಬಲಗಡೆಯ ಬೆಂಚು ಕಿರ್ರೆ‍ಂದಿತು. ಸಹಾತ್ ಎದ್ದು ನಿಂತಿದ್ದ.

ಬಂತು ಬಿಡುಗಡೆ ಎಂದು ಹಿಗ್ಗಬೇಕಾದ ಬೊನಾರನ ಎದೆ ಯಾಕೋ ಹಿಗ್ಗಲಿಲ್ಲ; ಹಳೆಯ ಬಿದಿರೇಣಿ ಕಾಲಡಿಯಲ್ಲಿ ಲಟಕ್ಕೆಂದಾಗ ಆಗುವಂತೆ ಧಸಕ್ಕೆಂದಿತು.

"ನನಗಿದೆ" ಎಂದ ಸಹಾತ್. ಹಿಂದಿನ ಬೆಂಚಿಗೂ ಕೇಳಿಸಿತು. "ನಮ್ಮಮ್ಮನಿಗೆ ಗುರುವಾರ ಬರ್ತೀನಿ ಅಂದ. ಅಮ್ಮ ಬೆಳಿಗ್ಗೆನೇ ನನ್ನ ಕೈಲಿ ತಲೆ ಬಾಚಿಸ್ಕೊಂಡ್ಳು. ಒಳ್ಳೆ ರವಿಕೆ ಹಾಕಿಸ್ಕೊಂಡ್ಳು. ಮಧ್ಯಾಹ್ನದ ನಿದ್ದೆ ಮಾಡ್ಲಿಲ್ಲ, ಬಂದಾಗ ನಿದ್ದೆ ಹೋಗಿದ್ರೆ ಚೆನ್ನಾಗಿರಲ್ಲ ಅಂತ. ಸಂಜೆ ತನಕ ಬಾಗಿಲು ನೋಡ್ತಾನೇ ಇದ್ಳು. ಇವನು ಬರ್ಲಿಲ್ಲ. ಬರ್ತೀನಿ ಅಂದು ಬರದೇ ಇರೋನು ಎಂಥ ಹಿರಿಯ? ಅಷ್ಟೇ ನನ್ನ ತಕರಾರು."

ದುಮಾ ಅಮ್ಮ ಕಾಗದ ಕೆಳಗಿಟ್ಟರು. "ತಿಯೊಲಿನಾ ಅಪ್ಪಾ, ಇದು ನಿಜಾನಾ?"

ಲಾಮ್ತಿಯೂರ್ ಗಂಡನ ಕಡೆ ತಿರುಗಿದಳು. 'ಹೋಗಿದ್ದೆ' ಎಂಬ ಮಾತಿನ ಉದ್ದ ಎಷ್ಟೆಂದು ಈಗ ಅವಳಿಗೆ ಗೊತ್ತಾಗಿತ್ತು. ಬೊನಾರ್ ಎದ್ದು ನಿಂತ. ಅವನು ಹೇಳಬೇಕಾದದ್ದು ಒಂದೇ ಮಾತು: ನಿಜ, ನಾನು ಲಾಯಕ್ಕಿಲ್ಲ, ಬಿಟ್ಟುಬಿಡಿ. ಎರಡು ದಿನ ಊರೆಲ್ಲ ತಿರುಗಿ ಹುಡುಕಿದ್ದು ಅಂಗೈಯಲ್ಲೇ ಬಂದು ಕೂತಿತ್ತು. ನಾನೂರು ಕಣ್ಣು ಅವನನ್ನೇ ನೋಡುತ್ತಿದ್ದವು. ನಾಲಿಗೆ ಎಂದಿನಂತೆ ಅಂಗುಳಕ್ಕೆ ಅಂಟಿಕೊಂಡಿತ್ತು. ಆದರೆ ಕಣ್ಣ ಮುಂದೆ ಸಭೆ ಇರಲಿಲ್ಲ. ತಲೆ ಬಾಚಿಸಿಕೊಂಡು ಬಾಗಿಲು ನೋಡುತ್ತಿದ್ದ ಮುದುಕಿ ಇದ್ದಳು.

"ನಿಜ" ಎಂದ ಬೊನಾರ್. "ಬದುವಿನ ತನಕ ಬಂದು ವಾಪಸ್ ಹೋದೆ. ಹೆದರಿಕೆ ಆಯ್ತು." ಸಹಾತನ ಕಡೆ ತಿರುಗಿದ. "ಬರ್ತೀನಿ."

"ಯಾವಾಗ?" ಎಂದ ಸಹಾತ್ ಬಿಡದೆ.

"ಈಗ್ಲೇ."

"ಆರಾಧನೆ ಮುಗೀಲಿ ಅಪ್ಪಾ" ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಬೊನಾರನಿಗೆ ಅದು ಕೇಳಿಸಿದಂತಿರಲಿಲ್ಲ. ಈಗ ಹೊರಡದಿದ್ದರೆ ಬದುವಿನ ಹತ್ತಿರ ಮತ್ತೆ ಬುದ್ಧಿ ಬರುತ್ತದೆಂದು ಅವನಿಗೆ ಗೊತ್ತಿತ್ತು. ಬೆಂಚಿನಿಂದ ಹೊರಬಂದು ಬಾಗಿಲ ಕಡೆ ನಡೆದೇಬಿಟ್ಟ. ನಾಲ್ಕು ಹೆಜ್ಜೆ ಹೋಗಿ ತಿರುಗಿದ.

"ಬಾರೋ ಸಹಾತಾ. ಮನೆ ಬೀಗದಕೈ ನಿನ್ನ ಹತ್ರ ತಾನೆ ಇರೋದು?"

ಸಹಾತ್ ಇದನ್ನು ಯೋಚಿಸಿರಲಿಲ್ಲ. ಜೇಬು ಮುಟ್ಟಿ ನೋಡಿಕೊಂಡ, ದುಮಾ ಅಮ್ಮನನ್ನು ನೋಡಿದ. ದುಮಾ ಅಮ್ಮ ಗಂಭೀರವಾಗಿ, "ತಕರಾರುದಾರರು ಹಿರಿಯರ ಜೊತೆ ಹೋಗಬಹುದು" ಎಂದು ಹೇಳಿ ಮುಂದಿನ ಪ್ರಕಟಣೆ ಓದಿದರು. ಅದು ಈ ವಾರ ಚರ್ಚು ಗುಡಿಸುವವರ ಪಟ್ಟಿ. ಯಾರೂ ಕೇಳಿಸಿಕೊಳ್ಳಲಿಲ್ಲ. ಹನ್ನೊಂದು ವರ್ಷ ಎಡಕ್ಕೊಬ್ಬ ಬಲಕ್ಕೊಬ್ಬ ಕೂತವರು ಒಂದೇ ಬಾಗಿಲಿನಿಂದ ಒಟ್ಟಿಗೆ ಹೊರಹೋಗುವುದನ್ನು ಕತ್ತು ತಿರುಗಿಸಿ ನೋಡುತ್ತಿದ್ದರು.

ದಾರಿಯ ಇಳಿಜಾರಿನಲ್ಲಿ ಸಹಾತ್, "ಕೇಳಿದ್ದು ನೀನೇ ತಕರಾರನ್ನ" ಎಂದ. "ಹೌದು, ಚೆನ್ನಾಗಿ ಮಾಡಿದೆ" ಎಂದ ಬೊನಾರ್. ಸಹಾತ್ ಜೇಬಿನಿಂದ ಬೀಗದಕೈ ತೆಗೆದು ಮುಂದೆ ನಡೆದ.

ಬೀಗ ತೆಗೆದು ಒಳಗೆ ಇಣುಕಿ ಸಹಾತ್, "ಅಮ್ಮಾ, ಹಿರಿಯ ಬಂದಿದಾನೆ" ಎಂದ. ಈ ಸಲ ದನಿಯಲ್ಲಿ ತಮಾಷೆಯಿರಲಿಲ್ಲ.

"ಈಗಲಾ?" ಎಂದು ಒಳಗಿನಿಂದ ಅಜ್ಜಿ ಗದರಿದಳು. "ಹೇಳಿದ ದಿನ ಬರಲ್ಲ, ಹೇಳದ ದಿನ ಬರ್ತಾನೆ. ತಲೆ ನೋಡು, ಕೋಳಿ ಗೂಡಾಗಿದೆ. ಬಾಚಣಿಗೆ ಕೊಟ್ಟು ಬಾಗಿಲು ಹಾಕ್ಕೊಳ್ಳಿ. ಇಬ್ರೂ ಹೊರಗೆ ನಿಂತಿರಿ, ಕರೆದಾಗ ಬನ್ನಿ."

ಇಬ್ಬರೂ ಜಗಲಿಯಲ್ಲಿ ನಿಂತರು. ಎಂಬತ್ತೆಂಟರ ಕೈ, ಬಾಚುವುದಕ್ಕೆ ಬಹಳ ಹೊತ್ತು ಹಿಡಿಯಿತು. ಬೊನಾರ್ ಏನು ಹೇಳುವುದೆಂದು ಯೋಚಿಸಲು ನೋಡಿದ, ಒಂದೂ ಹೊಳೆಯಲಿಲ್ಲ. ಆದರೂ ಮೆಟ್ಟಿಲ ಕಡೆಗೆ ತಿರುಗಲಿಲ್ಲ.

"ಬನ್ನಿ" ಎಂದಿತು ಒಳಗಿನ ದನಿ.

ಬೊನಾರ್ ಚಪ್ಪಲಿ ಬಿಟ್ಟು ಒಳಗೆ ಹೋದ.